ಪ್ರಿಂಟರ್ ಕೈಕೊಟ್ಟರೆ ಮೊದಲು ಕಾಗದ ನೋಡಿ, ಮತ್ತೆ ಕಿಸೆಗೆ ಕೈ ಹಾಕಿ

ಮದ್ರಸದ ಪರೀಕ್ಷೆ ನಾಳೆ ಬೆಳಗ್ಗೆ, ಪ್ರಶ್ನೆಪತ್ರಿಕೆ ಇನ್ನೂ ಕಂಪ್ಯೂಟರಿನಲ್ಲೇ ಉಂಟು. ಇಲ್ಲವೇ ಅಸರ್ ಕಳೆದು ನಿಕಾಹ್, ಹುಡುಗನ ಜಮಾಅತಿನಿಂದ ಪತ್ರ ಈಗಲೇ ಬೇಕು. ಇಲ್ಲವೇ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೆಯ ದಿನ. ಪ್ರಿಂಟರ್ ಕೈಕೊಡುವುದು ಇಂಥ ಹೊತ್ತಿಗೇ. 2025ರ ಜೂನ್ 6ರಂದು ಕೇಂದ್ರ ಸರಕಾರ ಉಮೀದ್ ಪೋರ್ಟಲ್ ಆರಂಭಿಸಿ, ವಕ್ಫ್ ಆಸ್ತಿಗಳ ವಿವರ ತುಂಬಲು ಆರು ತಿಂಗಳ ಗಡುವು ಕೊಟ್ಟಾಗ, ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವುದು, ಪ್ರತಿ ತೆಗೆಯುವುದು ಎಷ್ಟು ದೊಡ್ಡ ಕೆಲಸ ಎಂಬುದು ನಮ್ಮ ಮಸೀದಿ ಕಚೇರಿಗಳಿಗೆ ಚೆನ್ನಾಗಿ ಗೊತ್ತಾಯಿತು.

ಯಂತ್ರ ನಿಂತ ಕೂಡಲೇ ಯಾರೋ ಒಬ್ಬರು, “ಡ್ರಮ್ ಹೋಗಿದೆ” ಅನ್ನುತ್ತಾರೆ. ಇನ್ನೊಬ್ಬರು, “ಟೋನರ್ ಖಾಲಿ” ಅನ್ನುತ್ತಾರೆ. ಮೂರನೆಯವರು, “ಹಳೇದಾಯ್ತು, ಹೊಸತು ತೆಗೆಯುವ” ಅನ್ನುತ್ತಾರೆ. ಎಂತ ಕೆಟ್ಟಿದೆ ಎಂದು ನೋಡುವ ಮೊದಲೇ ಸಾವಿರಾರು ರೂಪಾಯಿಗೆ ದಾರಿಯಾಗುತ್ತದೆ. ಆ ಹಣ ಜಮಾಅತಿನದಾದರೆ ಅದು ಅಮಾನತ್, ಅಂಗಡಿಯದಾದರೆ ಮನೆಯ ಅಕ್ಕಿ-ಮೀನಿನ ಹಣ.

ಈ ವಾರ ನಾವು ಹೇಳಲು ಹೊರಟದ್ದು ಇಷ್ಟೇ. ಲೇಸರ್ ಪ್ರಿಂಟರ್ ತನ್ನ ಕಾಯಿಲೆಯನ್ನು ತಾನೇ ಕಾಗದದ ಮೇಲೆ ಬರೆದು ಕೊಡುತ್ತದೆ. ಅದನ್ನು ಓದಲು ಕಲಿತರೆ ಹಲವು ತೊಂದರೆಗಳನ್ನು ಮನೆಯಲ್ಲೇ ಸರಿ ಮಾಡಬಹುದು. ಉಳಿದವನ್ನು ಮೆಕ್ಯಾನಿಕ್‌ಗೆ ಕೊಡುವಾಗಲೂ ಏನು ಕೇಳಬೇಕೆಂದು ಗೊತ್ತಿರುತ್ತದೆ.

ಮಹಾಲಿಂಗಪುರದಿಂದ ಬಂದ ಫೋನ್

ನಮ್ಮ ಓದುಗರೆಲ್ಲ ಕರಾವಳಿಯಲ್ಲೇ ಇಲ್ಲ. ವ್ಯಾಪಾರಕ್ಕೆಂದು ಘಟ್ಟ ಹತ್ತಿದವರೂ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಮೊದಲು ಮುಧೋಳ ತಾಲೂಕಿನಲ್ಲಿದ್ದ ಊರು, ಈಗ ರಬಕವಿ-ಬನಹಟ್ಟಿ ತಾಲೂಕಿಗೆ ಸೇರಿದೆ. ಸುತ್ತ ಕಬ್ಬಿನ ಗದ್ದೆ, ಊರಲ್ಲಿ ಬೆಲ್ಲದ ವ್ಯಾಪಾರ, ಓಣಿಗಳಲ್ಲಿ ಮಗ್ಗದ ಸದ್ದು. ಅಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿರುವ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. “ಕಾಕಾ, ಪ್ರಿಂಟರ್ ಕಾಗದ ಎಳೆಯುವುದಿಲ್ಲ. ಒಳಗೆ ಕರಕರ ಸದ್ದು ಬರ್ತದೆ, ಆಮೇಲೆ ಕೆಂಪು ಲೈಟ್. ನೋಡಿದವರು ‘ಗೇರ್ ಹೋಗೇತಿ ರೀ, ಹೊಸಾದ ತಗೋರಿ’ ಅಂದ್ರು.”

ನಾವು ಕೇಳಿದ್ದು ಎರಡೇ ಪ್ರಶ್ನೆ. ಸದ್ದು ಬರುವಾಗ ಟ್ರೇಯಲ್ಲಿನ ಕಾಗದ ಸ್ವಲ್ಪವಾದರೂ ಅಲುಗುತ್ತದೆಯೇ? ಅಕ್ಕಪಕ್ಕ ಮಗ್ಗ ಉಂಟೇ? ಕಾಗದ ಒಂದಿಷ್ಟು ಅಲುಗಿ ನಿಲ್ಲುತ್ತಿತ್ತು. ಗೋಡೆಯ ಆಚೆಯೇ ವಿದ್ಯುತ್ ಮಗ್ಗ. ಹತ್ತಿಯ ನವಿರು ನಾರು ಗಾಳಿಯಲ್ಲಿ ತೇಲಿ ಬಂದು ಟ್ರೇಯಲ್ಲಿ ಕೂರುತ್ತದೆ. ಕಾಗದ ಎಳೆಯುವ ರಬ್ಬರ್ ರೋಲರಿಗೆ ಅದೂ ಕಾಗದದ ಪುಡಿಯೂ ಮೆತ್ತಿ, ರಬ್ಬರ್ ನುಣುಪಾಗಿ ಜಾರುತ್ತದೆ. ಗೇರ್ ತಿರುಗುತ್ತಿದೆ, ರೋಲರ್ ತಿರುಗುತ್ತಿದೆ, ಹಿಡಿತ ಮಾತ್ರ ಇಲ್ಲ. ಪ್ಲಗ್ ತೆಗೆದು, ನಾರು ಬಿಡದ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ, ರೋಲರನ್ನು ಸುತ್ತಲೂ ಒರೆಸಿ ಒಣಗಲು ಬಿಟ್ಟ. ಯಂತ್ರ ಕಾಗದ ಎಳೆಯಿತು. ಖರ್ಚು ಒಂದು ತುಂಡು ಬಟ್ಟೆ. ಈಗ ಅಂಗಡಿ ಮುಚ್ಚುವಾಗ ಪ್ರಿಂಟರ್ ಮೇಲೆ ಬಟ್ಟೆ ಹೊದಿಸಿಯೇ ಹೋಗುತ್ತಾನೆ.

ಕರಾವಳಿಯಲ್ಲಿ ಇದೇ ಯಂತ್ರಕ್ಕೆ ಬೇರೆಯೇ ಕಾಯಿಲೆ. ನಮ್ಮಲ್ಲಿ ಜೂನ್ ಬಂತೆಂದರೆ ಕಾಗದ ನೀರು ಕುಡಿದು ಮೆತ್ತಗಾಗುತ್ತದೆ. ಎರಡು ಮೂರು ಹಾಳೆ ಒಟ್ಟಿಗೆ ಹೋಗುತ್ತವೆ, ಹೊರಬಂದ ಹಾಳೆ ಸುರುಳಿಯಾಗುತ್ತದೆ, ಅಕ್ಷರ ಮಸುಕಾಗುತ್ತದೆ. ಆದ್ದರಿಂದ ಕಾಗದದ ಕಟ್ಟನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ಬೇಕಾದಷ್ಟೇ ತೆಗೆದು, ಉಳಿದದ್ದನ್ನು ಅದರ ಹೊದಿಕೆಯಲ್ಲೇ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿ ಕಪಾಟಿನಲ್ಲಿಡಿ. ಟ್ರೇಗೆ ಹಾಕುವ ಮೊದಲು ಹಾಳೆಗಳ ಅಂಚನ್ನು ಬೀಸಣಿಗೆಯಂತೆ ಬಿಡಿಸಿ. ಸಾಮಾನ್ಯ ಕೆಲಸಕ್ಕೆ 70ರಿಂದ 80 ಜಿಎಸ್‌ಎಂ ಕಾಗದ ಸಾಕು.

ಒಳಗೆ ನಡೆಯುವುದೇನು?

1938ರ ಅಕ್ಟೋಬರ್ 22. ನ್ಯೂಯಾರ್ಕಿನ ಅಸ್ಟೋರಿಯಾ ಎಂಬಲ್ಲಿ ಒಂದು ಬಾಡಿಗೆ ಕೋಣೆ. ಚೆಸ್ಟರ್ ಕಾರ್ಲ್‌ಸನ್ ಮತ್ತು ಅವರ ಸಹಾಯಕ ಓಟೊ ಕೊರ್ನೈ ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ಸ್ಥಿರವಿದ್ಯುತ್ ಹುಟ್ಟಿಸಿದರು. ಬರಹವಿದ್ದ ಗಾಜಿನ ಪಟ್ಟಿಯನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿದರು. ಆಮೇಲೆ ಪುಡಿ ಉದುರಿಸಿ ಊದಿದರು. ಬರಹ ಇದ್ದಲ್ಲಿ ಮಾತ್ರ ಪುಡಿ ಉಳಿಯಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದಾಗ ಮೊದಲ ಪ್ರತಿ ಸಿದ್ಧವಾಯಿತು. 1970ರ ದಶಕದ ಆರಂಭದಲ್ಲಿ ಝೆರಾಕ್ಸ್ ಕಂಪೆನಿಯ ಗ್ಯಾರಿ ಸ್ಟಾರ್ಕ್‌ವೆದರ್ ಇದಕ್ಕೆ ಲೇಸರ್ ಕಿರಣ ಜೋಡಿಸಿದರು. ನಮ್ಮ ಮೇಜಿನ ಮೇಲಿನ ಪೆಟ್ಟಿಗೆ ಇವತ್ತೂ ಮಾಡುವುದು ಇದನ್ನೇ: ವಿದ್ಯುತ್, ಬೆಳಕು, ಪುಡಿ, ಬಿಸಿ.

ಕ್ರಮ ಹೀಗೆ. ಡ್ರಮ್ ಎಂಬ ಹೊಳೆಯುವ ಉರುಳೆಗೆ ಒಂದು ರೋಲರ್ ವಿದ್ಯುತ್ ತುಂಬುತ್ತದೆ. ಲೇಸರ್ ಬೆಳಕು ಬಿದ್ದಲ್ಲೆಲ್ಲ ಆ ವಿದ್ಯುತ್ ಇಳಿದು ಅಕ್ಷರದ ಆಕಾರ ಮೂಡುತ್ತದೆ. ಅಲ್ಲಿಗೆ ಟೋನರ್ ಪುಡಿ ಅಂಟುತ್ತದೆ. ಕೆಳಗಿನ ಟ್ರಾನ್ಸ್‌ಫರ್ ರೋಲರ್ ಆ ಪುಡಿಯನ್ನು ಕಾಗದಕ್ಕೆ ಎಳೆಯುತ್ತದೆ. ಕೊನೆಗೆ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಅದನ್ನು ಕರಗಿಸಿ ಒತ್ತುತ್ತದೆ. ಡ್ರಮ್ಮಿನಲ್ಲಿ ಉಳಿದ ಪುಡಿಯನ್ನು ಒಂದು ರಬ್ಬರ್ ಪಟ್ಟಿ ಕೆರೆದು ತೆಗೆಯುತ್ತದೆ. ಈ ಕ್ರಮ ನೆನಪಿದ್ದರೆ ತಪ್ಪು ಎಲ್ಲಿ ಆಯಿತೆಂದು ಹುಡುಕುವುದು ಕಷ್ಟವಲ್ಲ.

ಕಾಯಿಲೆ ಯಾರದು, ಪ್ರಿಂಟರಿನದೋ ಕಂಪ್ಯೂಟರಿನದೋ?

ಮೊದಲ ಪ್ರಶ್ನೆ ಇದು. ಕೆಲವು ಮಾದರಿಗಳಲ್ಲಿ ಬಟನ್ ಒತ್ತಿ ಹಿಡಿದರೆ ಕಂಪ್ಯೂಟರಿನ ಸಹಾಯವಿಲ್ಲದೆಯೇ ಪರೀಕ್ಷಾ ಪುಟ ಬರುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಪ್ರಿಂಟರನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡಿ. ಅಲ್ಲಿ ಸರಿ ಬಂದರೆ ಯಂತ್ರ ಬಿಚ್ಚುವ ಕೆಲಸವೇ ಇಲ್ಲ.

ಆಗ ಕೇಬಲ್ ತೆಗೆದು ಬೇರೆ ಯುಎಸ್‌ಬಿ ಕಿಂಡಿಗೆ ಹಾಕಿ. ಪ್ರಿಂಟರ್ ‘ಆಫ್‌ಲೈನ್’ ಎಂದು ಗುರುತಾಗಿದೆಯೇ ನೋಡಿ. ಸರದಿಯಲ್ಲಿ ಸಿಕ್ಕಿಕೊಂಡ ಹಳೆಯ ಕೆಲಸಗಳನ್ನು ರದ್ದು ಮಾಡಿ. ರದ್ದಾಗದಿದ್ದರೆ ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಎಂಬುದನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಎಚ್‌ಪಿ 1020, ಕ್ಯಾನನ್ ಎಲ್‌ಬಿಪಿ 2900ರಂಥ ಹಳೆಯ ಜನಪ್ರಿಯ ಯಂತ್ರಗಳು ಹೆಚ್ಚಿನ ಲೆಕ್ಕಾಚಾರವನ್ನು ಕಂಪ್ಯೂಟರಿಗೇ ಬಿಡುತ್ತವೆ. ಆದ್ದರಿಂದ ಡ್ರೈವರ್ ಹಾಳಾದರೆ ಯಂತ್ರ ಸತ್ತಂತೆ ಕೂರುತ್ತದೆ. ವಿಂಡೋಸ್ ಬದಲಾಯಿಸಿದ ಮರುದಿನ ಪ್ರಿಂಟರ್ ನಿಂತಿದ್ದರೆ ಮೊದಲ ಸಂಶಯ ಡ್ರೈವರಿನ ಮೇಲಿರಲಿ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತಲೆನೋವು ಉಂಟು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಮದ್ರಸದ ಪ್ರಶ್ನೆಪತ್ರಿಕೆಯಲ್ಲಿ ಅರಬಿ ಸೇರಿದ್ದರೆ ಅಕ್ಷರಗಳು ಬಿಡಿಬಿಡಿಯಾಗುವುದೂ ಉಂಟು. ಇದು ಪ್ರಿಂಟರಿನ ತಪ್ಪಲ್ಲ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತನ್ನಿ.

ಕಾಗದ ಸಿಕ್ಕಿಕೊಂಡರೆ

ಎಲ್ಲಿ ಸಿಕ್ಕಿತು ಎಂಬುದೇ ಮುಖ್ಯ. ಟ್ರೇಯಿಂದ ಹೊರಡುವ ಮೊದಲೇ ನಿಂತರೆ ರೋಲರಿನ ಕೊಳೆ ಅಥವಾ ಸವಕಳಿ. ಎರಡೆರಡು ಹಾಳೆ ಹೋದರೆ ಹಾಳೆಗಳನ್ನು ಬೇರ್ಪಡಿಸುವ ಪ್ಯಾಡ್ ಸವೆದಿದೆ, ಇಲ್ಲವೇ ಕಾಗದ ತೇವವಾಗಿದೆ. ಮಧ್ಯದಲ್ಲಿ ನಿಂತರೆ ಕಾರ್ಟ್ರಿಡ್ಜ್ ಸರಿಯಾಗಿ ಕೂತಿಲ್ಲ, ಇಲ್ಲವೇ ಹಳೆಯ ಕಾಗದದ ಚೂರೊಂದು ಒಳಗೆ ಉಳಿದಿದೆ. ಹೊರಬರುವಲ್ಲಿ ಮಡಚಿ ನಿಂತರೆ ಫ್ಯೂಸರಿನ ಕಡೆ ತೊಂದರೆ.

ತೆಗೆಯುವಾಗ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಕಾರ್ಟ್ರಿಡ್ಜ್ ಹೊರತೆಗೆದು ಕಪ್ಪು ಬಟ್ಟೆ ಮುಚ್ಚಿಡಿ, ಬೆಳಕಿನಲ್ಲಿ ಬಿಟ್ಟರೆ ಡ್ರಮ್ ಹಾಳು. ಹಾಳೆಯನ್ನು ಎರಡೂ ಕೈಯಿಂದ ಹಿಡಿದು, ಅದು ಹೋಗುತ್ತಿದ್ದ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಹರಿದರೆ ಚೂರುಗಳನ್ನು ಜೋಡಿಸಿ ಹಾಳೆ ಪೂರ್ತಿಯಾಯಿತೇ ನೋಡಿ. ಒಂದು ಮೂಲೆ ಕಡಿಮೆಯಿದ್ದರೆ ಅದು ಒಳಗೇ ಉಂಟು, ನಾಳೆ ಮತ್ತೆ ನಿಲ್ಲಿಸುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ.

ಪುಟ ಹೇಳುವ ಮಾತು

ಅಕ್ಷರ ಎಲ್ಲೆಡೆ ಮಸುಕೇ? ಮೊದಲು ಸೆಟ್ಟಿಂಗಿನಲ್ಲಿ ‘ಟೋನರ್ ಉಳಿತಾಯ’ ಆನ್ ಆಗಿದೆಯೇ ನೋಡಿ. ಆಮೇಲೆ ಕಾರ್ಟ್ರಿಡ್ಜ್ ತೆಗೆದು ಅಡ್ಡ ಹಿಡಿದು ಐದಾರು ಸಲ ಮೆಲ್ಲಗೆ ಆಡಿಸಿ. ಸ್ವಲ್ಪ ದಿನ ಸರಿಬಂದರೆ ಪುಡಿ ಮುಗಿಯುತ್ತಾ ಬಂದಿದೆ ಎಂದರ್ಥ.

ಉದ್ದಕ್ಕೆ ಬಿಳಿ ಗೆರೆಯೇ? ಪುಡಿ ಒಂದು ಕಡೆ ಸೇರಿದೆ, ಇಲ್ಲವೇ ಲೇಸರ್ ಹೊರಬರುವ ಗಾಜಿನ ಮೇಲೆ ಧೂಳು ಕೂತಿದೆ. ಕಾರ್ಟ್ರಿಡ್ಜ್ ಆಡಿಸಿದರೂ ಗೆರೆ ಅದೇ ಜಾಗದಲ್ಲಿ ಉಳಿದರೆ ಗಾಜಿನ ಕಡೆ ಸಂಶಯಪಡಿ.

ಉದ್ದಕ್ಕೆ ಸಪೂರ ಕಪ್ಪು ಗೆರೆಯೇ? ಡ್ರಮ್ಮಿಗೆ ಗೀರು ಬಿದ್ದಿದೆ, ಅಥವಾ ಪುಡಿ ಕೆರೆಯುವ ರಬ್ಬರ್ ಪಟ್ಟಿ ಸವೆದಿದೆ.

ಇಡೀ ಪುಟಕ್ಕೆ ಬೂದಿ ಬಳಿದಂತಿದೆಯೇ? ರೀಫಿಲ್ ಮಾಡಿಸಿದ ಮೇಲೆ ಹೀಗಾದರೆ ಪುಡಿ ಆ ಮಾದರಿಯದ್ದಲ್ಲ, ಅಥವಾ ಬಳಸಿ ಉಳಿದ ಪುಡಿ ತುಂಬುವ ಗೂಡನ್ನು ಖಾಲಿ ಮಾಡದೆ ಮೇಲಿಂದ ಹೊಸ ಪುಡಿ ಸುರಿದಿದ್ದಾರೆ. ರೀಫಿಲ್ ಮಾಡುವವರ ಹತ್ತಿರ, “ವೇಸ್ಟ್ ಪುಡಿ ತೆಗೆದಿರಾ?” ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಬೆರಳಿನಿಂದ ಉಜ್ಜಿದರೆ ಅಕ್ಷರ ಉದುರುತ್ತದೆಯೇ? ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ. ಆದರೆ ಮೊದಲು ಕಾಗದ ದಪ್ಪದ್ದೇ ಎಂದು ನೋಡಿ. ಮದುವೆ ಕಾಗದದಂಥ ದಪ್ಪ ಹಾಳೆ ಹಾಕಿ, ಸೆಟ್ಟಿಂಗಿನಲ್ಲಿ ‘ಸಾದಾ ಕಾಗದ’ ಎಂದೇ ಬಿಟ್ಟಿದ್ದರೂ ಹೀಗಾಗುತ್ತದೆ.

ಪುಟ ಪೂರ್ತಿ ಬಿಳಿಯೇ? ಹೊಸ ಕಾರ್ಟ್ರಿಡ್ಜಿನ ಸೀಲ್ ಪಟ್ಟಿ ಎಳೆದು ತೆಗೆದಿದ್ದೀರಾ? ಪೂರ್ತಿ ಕಪ್ಪೇ? ಡ್ರಮ್ಮಿಗೆ ವಿದ್ಯುತ್ ತುಂಬುವ ಕಡೆ ಸಂಪರ್ಕ ತಪ್ಪಿದೆ. ಕಾರ್ಟ್ರಿಡ್ಜ್ ತೆಗೆದು ಮತ್ತೆ ಸರಿಯಾಗಿ ಕೂರಿಸಿ ನೋಡಿ.

ಶಾಲೆಯ ಸ್ಕೇಲ್ ಸಾಕು

ಒಂದೇ ಚುಕ್ಕೆ, ಒಂದೇ ಕಲೆ ಪುಟದುದ್ದಕ್ಕೂ ಸಮಾನ ಅಂತರದಲ್ಲಿ ಬರುತ್ತಿದ್ದರೆ ಮಕ್ಕಳ ಚೀಲದಿಂದ ಸ್ಕೇಲ್ ತನ್ನಿ. ಯಾವುದೋ ಒಂದು ಉರುಳೆಯ ಮೇಲೆ ಕಲೆ ಇದೆ. ಅದು ಒಂದು ಸುತ್ತು ತಿರುಗಿದಾಗಲೊಮ್ಮೆ ಕಾಗದಕ್ಕೆ ಒತ್ತುತ್ತಿದೆ. ಹಾಗಾದರೆ ಎರಡು ಕಲೆಗಳ ನಡುವಿನ ಅಂತರವೇ ಆ ಉರುಳೆಯ ಸುತ್ತಳತೆ. ಡ್ರಮ್ಮಿನ ವ್ಯಾಸ 24 ಮಿಲಿಮೀಟರ್ ಆದರೆ ಕಲೆ ಸುಮಾರು 75 ಮಿಲಿಮೀಟರಿಗೊಮ್ಮೆ, 30 ಮಿಲಿಮೀಟರ್ ಆದರೆ ಸುಮಾರು 94 ಮಿಲಿಮೀಟರಿಗೊಮ್ಮೆ ಬರುತ್ತದೆ. ಇದಕ್ಕಿಂತ ಬೇರೆ ಅಂತರವಾದರೆ ಕಲೆ ಇನ್ನೊಂದು ರೋಲರಿನದು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿ ಯಾವ ಉರುಳೆಗೆ ಎಷ್ಟು ಅಂತರ ಎಂಬ ಪಟ್ಟಿ ಸಿಗುತ್ತದೆ. “ಡ್ರಮ್ ಹೋಗಿದೆ” ಎಂಬ ಮಾತು ನಿಜವೇ ಎಂದು ಎರಡು ನಿಮಿಷದಲ್ಲಿ ತಿಳಿಯುವ ದಾರಿ ಇದು.

ಇನ್ನೊಂದು ಪರೀಕ್ಷೆ. ಕಾಗದ ಒಳಗೆ ಅರ್ಧ ದಾರಿ ಹೋದಾಗ ಮುಚ್ಚಳ ತೆರೆಯಿರಿ, ಯಂತ್ರ ನಿಲ್ಲುತ್ತದೆ. ಸ್ವಿಚ್ ಆಫ್ ಮಾಡಿ ಕಾರ್ಟ್ರಿಡ್ಜ್ ತೆಗೆದು, ಡ್ರಮ್ಮಿನ ಮುಚ್ಚಳ ಒಂದು ಕ್ಷಣ ಎತ್ತಿ ನೋಡಿ, ಮುಟ್ಟಬೇಡಿ. ಡ್ರಮ್ಮಿನ ಮೇಲೆ ಅಕ್ಷರ ಚೊಕ್ಕವಾಗಿದ್ದು ಕಾಗದಕ್ಕೆ ಇಳಿದಿಲ್ಲವಾದರೆ ತಪ್ಪು ಟ್ರಾನ್ಸ್‌ಫರ್ ರೋಲರಿನದು. ಡ್ರಮ್ಮಿನ ಮೇಲೇ ಮಸುಕಾಗಿದ್ದರೆ ಕಾರ್ಟ್ರಿಡ್ಜಿನದೋ ಲೇಸರಿನದೋ. ಫ್ಯೂಸರಿಗೆ ಹೋಗುವ ಮೊದಲು ಕಾಗದದಲ್ಲಿ ಚೆನ್ನಾಗಿದ್ದು, ಆಮೇಲೆ ಹಾಳಾದರೆ ಫ್ಯೂಸರಿನದು.

ಕೈ ಹಾಕಬಾರದ ಜಾಗ

ಧೈರ್ಯ ಒಳ್ಳೆಯದು, ಹುಚ್ಚು ಧೈರ್ಯ ಬೇಡ. ಫ್ಯೂಸರ್ ಕೈ ಸುಡುತ್ತದೆ, ಆಫ್ ಮಾಡಿ ಅರ್ಧ ಗಂಟೆಯಾದರೂ ಆರಲು ಬಿಡಿ. ಲೇಸರ್ ಇರುವ ಮೊಹರು ಹಾಕಿದ ಪೆಟ್ಟಿಗೆ, ಹೆಚ್ಚು ವೋಲ್ಟೇಜಿನ ವಿದ್ಯುತ್ ಫಲಕ ಇವೆರಡನ್ನು ಬಿಚ್ಚಬೇಡಿ. ಮುಚ್ಚಳದ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ, ತೆರೆದೇ ಯಂತ್ರ ಓಡಿಸುವ ಸಾಹಸ ಬೇಡವೇ ಬೇಡ. ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಮಾತ್ರ ಹಾಳು ಮಾಡುತ್ತದೆ.

ಪುಡಿ ಚೆಲ್ಲಿದರೆ ಬಿಸಿ ನೀರು ಹಾಕಬಾರದು. ಬಿಸಿಗೆ ಕರಗಿ ಅಂಟಿಕೊಳ್ಳುವುದೇ ಅದರ ಗುಣ. ಬಟ್ಟೆಗೆ ಬಿದ್ದದ್ದನ್ನು ಕೊಡವಿ ತಣ್ಣೀರಿನಲ್ಲಿ ತೊಳೆಯಿರಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಸಣ್ಣ ಪುಡಿ ಸೋಸದೆ ಗಾಳಿಗೆ ಬರುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಒಳ್ಳೆಯದು. ಮಕ್ಕಳನ್ನು ದೂರ ಇಡಿ. ಖಾಲಿ ಕಾರ್ಟ್ರಿಡ್ಜನ್ನು ಬೆಂಕಿಗೆ ಹಾಕಬೇಡಿ.

ಕರೆಂಟಿನ ವಿಷಯವೂ ಇದರಲ್ಲೇ ಬರುತ್ತದೆ. ಫ್ಯೂಸರ್ ಬಿಸಿಯಾಗುವಾಗ ಯಂತ್ರ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ. ಆದ್ದರಿಂದ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಜೋಡಿಸಬಾರದು. ಯುಪಿಎಸ್ ಕಿರುಚಿ ಆಫ್ ಆದರೆ ಕಂಪ್ಯೂಟರಿನ ಕೆಲಸವೂ ಹೋಗುತ್ತದೆ. ಪ್ರಿಂಟರನ್ನು ನೇರ ಗೋಡೆಯ ಪ್ಲಗ್ಗಿಗೆ, ಸರಿಯಾದ ಅರ್ಥಿಂಗ್ ಇರುವಲ್ಲಿ ಹಾಕಿ. ಗುಡುಗು ಮಿಂಚು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಮೆಕ್ಯಾನಿಕ್‌ನ ಹತ್ತಿರ ಹೋಗುವಾಗ

ಸುಮ್ಮನೆ “ಕೆಟ್ಟಿದೆ, ನೋಡಿ” ಎನ್ನುವ ಬದಲು ಕೆಟ್ಟು ಬಂದ ಎರಡು ಪುಟ ಒಯ್ಯಿರಿ. ಯಾವಾಗಿನಿಂದ, ಎಷ್ಟು ಪುಟಕ್ಕೊಮ್ಮೆ, ಕಲೆಗಳ ಅಂತರ ಎಷ್ಟು, ಯಾವ ಲೈಟ್ ಉರಿಯಿತು, ಎಲ್ಲ ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇದು ಅರ್ಧ ಕೆಲಸ ಮುಗಿಸಿಕೊಟ್ಟಂತೆ. ಬಿಡಿಭಾಗ ಬದಲಾಯಿಸುವ ಮೊದಲು ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ ತನ್ನಿ. ಬಿಲ್ ಇಟ್ಟುಕೊಳ್ಳಿ. ಮೋಸವಾಯಿತು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಉಂಟು.

ನಿಮ್ಮ ಯಂತ್ರದಲ್ಲಿ ಡ್ರಮ್ ಮತ್ತು ಟೋನರ್ ಒಂದೇ ಕಾರ್ಟ್ರಿಡ್ಜೋ, ಬೇರೆ ಬೇರೆಯೋ ತಿಳಿದಿರಲಿ. ಎಚ್‌ಪಿ 1020ರಂಥವುಗಳಲ್ಲಿ ಎರಡೂ ಒಟ್ಟಿಗೆ, ಕಾರ್ಟ್ರಿಡ್ಜ್ ಬದಲಾದರೆ ಡ್ರಮ್ಮೂ ಹೊಸತು. ಬ್ರದರ್ ಕಂಪೆನಿಯ ಹಲವು ಯಂತ್ರಗಳಲ್ಲಿ ಡ್ರಮ್ ಬೇರೆ, ಟೋನರ್ ಬೇರೆ. ಡ್ರಮ್ ಹಲವು ಟೋನರುಗಳಷ್ಟು ಕಾಲ ಬಾಳುತ್ತದೆ. ಟೋನರ್ ಮುಗಿದಾಗಲೆಲ್ಲ ಡ್ರಮ್ಮಿಗೂ ಹಣ ಕೊಡಬೇಕಾಗಿಲ್ಲ.

ರಿಪೇರಿ ಗ್ರಾಹಕನ ಹಕ್ಕು ಎಂಬ ಮಾತು ಈಗ ಜಗತ್ತಿನಲ್ಲೆಲ್ಲ ಕೇಳುತ್ತಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಈ ಚರ್ಚೆಯ ಹಿಂದೆ ಒಂದು ಪ್ರಿಂಟರಿನ ಕಥೆಯೂ ಉಂಟು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿದ್ದ ಲೇಸರ್ ಪ್ರಿಂಟರಿಗೆ ಒಂದು ಉಪಾಯ ಮಾಡಹೊರಟರು. ಕಾಗದ ಸಿಕ್ಕಿದ ಕೂಡಲೇ ಬಳಕೆದಾರರಿಗೆ ಸುದ್ದಿ ಹೋಗಬೇಕು, ಅಷ್ಟೇ. ಅದಕ್ಕೆ ಬೇಕಾದ ತಂತ್ರಾಂಶದ ಮೂಲ ಅವರಿಗೆ ಸಿಗಲಿಲ್ಲ. ಆ ಕಹಿ ಅವರನ್ನು ಸ್ವತಂತ್ರ ತಂತ್ರಾಂಶದ ಚಳವಳಿಯ ಕಡೆಗೆ ಒಯ್ದ ಕಾರಣಗಳಲ್ಲಿ ಒಂದಾಯಿತು. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು.

ಎಲ್ಲ ಯಂತ್ರವನ್ನೂ ಉಳಿಸಲೇಬೇಕೆಂದು ನಾವು ಹೇಳುವುದಿಲ್ಲ. ಫ್ಯೂಸರ್, ಡ್ರಮ್, ಬೋರ್ಡ್ ಒಟ್ಟಿಗೆ ಹೋಗಿ, ರಿಪೇರಿಯ ಖರ್ಚು ಹೊಸ ಯಂತ್ರದ ಬೆಲೆಯ ಹತ್ತಿರ ಬಂದರೆ ಬಿಟ್ಟುಬಿಡುವುದೇ ಬುದ್ಧಿವಂತಿಕೆ. ಆದರೆ ಗುಜರಿಗೆ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರ್, ಕಾರ್ಟ್ರಿಡ್ಜ್ ಎರಡೂ ಸೇರಿವೆ. ಅಧಿಕೃತ ಸಂಗ್ರಹದವರಿಗೇ ಕೊಡಿ.

ಕಾಗದವೂ ಅಮಾನತ್

ಕೊನೆಗೆ ಒಂದು ಮಾತು, ಮುಖ್ಯವಾಗಿ ಮನೆಯಲ್ಲೇ ಡಿಟಿಪಿ ಮಾಡುವ ಸಹೋದರಿಯರಿಗೆ, ಅಂಗಡಿ ಇಟ್ಟ ಯುವಕರಿಗೆ, ಮಸೀದಿ ಕಚೇರಿಯವರಿಗೆ. ಪ್ರಿಂಟರ್ ನಿಂತಾಗ ಸಿಕ್ಕಿಕೊಂಡ ಹಾಳೆಯಲ್ಲಿ ಯಾರದೋ ಆಧಾರ್ ಇರಬಹುದು, ಯಾರದೋ ತಲಾಖ್ ವಿಚಾರದ ಪತ್ರ ಇರಬಹುದು. ಅದನ್ನು ಹಾಗೇ ಬುಟ್ಟಿಗೆ ಹಾಕಬೇಡಿ, ಹರಿದು ಹಾಕಿ. ಯಂತ್ರ ಸರಿಯಾದ ಕೂಡಲೇ ಸರದಿಯಲ್ಲಿ ಉಳಿದಿದ್ದ ಪುಟಗಳೆಲ್ಲ ತಾವಾಗಿ ಹೊರಬರುತ್ತವೆ. ಅಷ್ಟರಲ್ಲಿ ಮುಂದೆ ನಿಂತಿರುವವರು ಬೇರೆಯವರಾಗಿರುತ್ತಾರೆ. ರಿಪೇರಿಗೆ ಕೊಡುವ ಮೊದಲು ಸರದಿ ಖಾಲಿ ಮಾಡಿ.

ಮತ್ತೆ, ಪ್ರಿಂಟರಿನ ಪಕ್ಕ ಒಂದು ಸಣ್ಣ ಪುಸ್ತಕ ಇಡಿ. ಟೋನರ್ ಹಾಕಿದ ದಿನ, ರೋಲರ್ ಒರೆಸಿದ ದಿನ, ರಿಪೇರಿಗೆ ಕೊಟ್ಟ ಹಣ, ಅಷ್ಟು ಬರೆದರೆ ಸಾಕು. ಆಡಳಿತ ಸಮಿತಿ ಬದಲಾದರೂ ಪುಸ್ತಕ ಇರುತ್ತದೆ. ಮುಂದಿನ ಕಾರ್ಯದರ್ಶಿಯ ಹತ್ತಿರ ಯಾರಾದರೂ ಬಂದು, “ಡ್ರಮ್ ಹೋಗಿದೆ” ಅಂದರೆ, ಹೋದ ರಮಝಾನಿಗೆ ಹಾಕಿದ್ದು ಇಷ್ಟು ಬೇಗ ಹೇಗೆ ಹೋಯಿತು ಎಂದು ಅವರು ಪುಸ್ತಕ ತೆರೆದು ಕೇಳಬಹುದು.